ಅರವತ್ತರ ಕಣ್ಣಿಗೆ ಕಂಡ ದೇಶ ಎಂಬತ್ತಕ್ಕೆ ಒದಗೀತೆ?

ಬೆಳಗ್ಗೆ ಏಳರ ಹೊತ್ತಿಗೆ ಜಯನಗರದ ಯಾವ ಪಾರ್ಕಿಗೆ ಹೋದರೂ ಒಂದು ಕಲ್ಲುಬೆಂಚು ತುಂಬಿರುತ್ತದೆ. ಮೂರು ಸುತ್ತು ನಡಿಗೆ ಮುಗಿಸಿ, ಮಫ್ಲರ್ ಸಡಿಲಿಸಿಕೊಂಡು ಕುಳಿತ ಐದಾರು ಮಂದಿ. ಒಬ್ಬರು ಎಚ್‌ಎಂಟಿಯವರು, ಇನ್ನೊಬ್ಬರು ಬ್ಯಾಂಕಿನವರು, ಮತ್ತೊಬ್ಬರು ಎಜಿ ಆಫೀಸಿನಲ್ಲಿದ್ದವರು, ಈಚೆಗೆ ಸೇರಿಕೊಂಡವರು ಐಟಿ ಕಂಪನಿಯಿಂದ ಬೇಗ ಹೊರಬಂದವರು. ತುಟ್ಟಿಭತ್ಯೆಯ ಕಂತು, ಮಂಡಿನೋವು, ಅಮೆರಿಕದಲ್ಲಿರುವ ಮೊಮ್ಮಗಳ ಪರೀಕ್ಷೆ ಇವೆಲ್ಲ ಅಲ್ಲಿನ ಹಳೆಯ ವಿಷಯಗಳು. ಈಗ ಹೊಸದೊಂದು ಸೇರಿದೆ. ಯಾರೋ ಮೊಬೈಲು ತೆರೆದು ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಿನ ವಿಡಿಯೊ ತೋರಿಸುತ್ತಾರೆ. ಬೆಟ್ಟದ ತಪ್ಪಲು, ಚೊಕ್ಕಟ ಬೀದಿ, ಕಡಿಮೆ ಬಾಡಿಗೆ. ಇನ್ನೊಬ್ಬರು ಮಲೇಷ್ಯಾದ ಪೆನಾಂಗ್ ಎನ್ನುತ್ತಾರೆ, ಮತ್ತೊಬ್ಬರು ದುಬೈ. ‘ಈ ಟ್ರಾಫಿಕ್ಕು, ಈ ಧೂಳು ಯಾರಿಗೆ ಬೇಕು ಸ್ವಾಮಿ, ಹತ್ತು ವರ್ಷವಾದರೂ ಅಲ್ಲಿ ಹೋಗಿ ಆರಾಮಾಗಿ ಇದ್ದುಬಿಡೋಣ’ ಎಂಬ ಮಾತಿಗೆ ಬೆಂಚಿನ ತುಂಬ ತಲೆಗಳು ಆಡುತ್ತವೆ.

ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಮಕ್ಕಳು ಸಿಂಗಪುರ, ಸಿಡ್ನಿ, ಸಿಯಾಟಲ್‌ಗಳಲ್ಲಿ ನೆಲೆಸಿರುವಾಗ ಅಪ್ಪ ಅಮ್ಮ ಮಾತ್ರ ಜೆ.ಪಿ. ನಗರದ ಎರಡಂತಸ್ತಿನ ಮನೆಗೆ ಕಾವಲಿರಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೆ ಈ ಚರ್ಚೆ ನಡೆಯುವ ರೀತಿಯಲ್ಲಿ ಒಂದು ಕೊರತೆ ಇದೆ. ಬಾಡಿಗೆ ಎಷ್ಟು, ಊಟಕ್ಕೆಷ್ಟು, ಮಳೆ ಎಷ್ಟು ಎಂದು ಹೋಲಿಸುತ್ತೇವೆ. ಇವೆಲ್ಲ ಗಟ್ಟಿಯಾಗಿ ಓಡಾಡುವ ಅರವತ್ತೆರಡರ ಗಂಡ, ಐವತ್ತೆಂಟರ ಹೆಂಡತಿ ಕೇಳುವ ಪ್ರಶ್ನೆಗಳು. ದೇಶ ಬದಲಿಸುವ ನಿರ್ಧಾರದ ಭಾರವನ್ನು ಹೊರಬೇಕಾದವರು ಆ ಇಬ್ಬರಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಉಳಿಯುವ ಒಬ್ಬರು.

ಉಳಿಯುವವರು ಯಾರು?

ನಮ್ಮಲ್ಲಿ ಮದುವೆಗಳು ನಡೆದಿರುವ ರೀತಿಯಿಂದ ಗಂಡ ಹೆಂಡತಿಗಿಂತ ಮೂರರಿಂದ ಏಳೆಂಟು ವರ್ಷ ದೊಡ್ಡವನು. ಜಗತ್ತಿನ ಎಲ್ಲೆಡೆಯಂತೆ ನಮ್ಮಲ್ಲೂ ಹೆಂಗಸರ ಸರಾಸರಿ ಆಯಸ್ಸು ಗಂಡಸರಿಗಿಂತ ಹೆಚ್ಚು. ಎರಡನ್ನೂ ಕೂಡಿಸಿದರೆ ಬರುವ ಉತ್ತರ ಸರಳ: ಬಹುಪಾಲು ಮನೆಗಳಲ್ಲಿ ಕೊನೆಯ ಐದರಿಂದ ಹತ್ತು ವರ್ಷ ಹೆಂಡತಿ ಒಬ್ಬಳೇ ಇರುತ್ತಾಳೆ. ಪಾರ್ಕಿನ ಬೆಂಚಿನಲ್ಲಿ ದೇಶ ಆರಿಸುತ್ತಿರುವವರು ಗಂಡಸರು. ಆ ದೇಶದಲ್ಲಿ ಕೊನೆಗೆ ಉಳಿಯಬೇಕಾದವಳು ಆ ಹೊತ್ತಿಗೆ ಮನೆಯಲ್ಲಿ ಕಾಫಿ ಸೋಸುತ್ತಿರುತ್ತಾಳೆ. ಆದ್ದರಿಂದ ಏಷ್ಯಾದ ಯಾವ ದೇಶ ಒಳ್ಳೆಯದು ಎಂಬ ಪ್ರಶ್ನೆಯನ್ನು ಹೀಗೆ ತಿದ್ದಿಕೊಳ್ಳಬೇಕು: ಎಂಬತ್ತು ದಾಟಿದ, ಒಂಟಿಯಾದ, ಮಂಡಿ ಹಿಡಿದ, ಬಹುಶಃ ಮರೆವು ಶುರುವಾದ ಒಬ್ಬ ಹೆಂಗಸಿಗೆ ಯಾವ ದೇಶ ಇರಲು ಬಿಡುತ್ತದೆ, ಯಾವ ದೇಶ ನೋಡಿಕೊಳ್ಳುತ್ತದೆ? ವೀಸಾ, ಹಣ, ಆಸ್ಪತ್ರೆ ಮೂರನ್ನೂ ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ ಪಟ್ಟಿಯೇ ಬದಲಾಗುತ್ತದೆ.

ವೀಸಾ ಎಂಬ ಬಾಡಿಗೆ ಕರಾರು

ನಿವೃತ್ತರಿಗೆಂದೇ ವೀಸಾ ಕೊಡುವ ದೇಶಗಳು ಏಷ್ಯಾದಲ್ಲಿ ಹಲವಿವೆ. ಫಿಲಿಪ್ಪೀನ್ಸ್ 1985ರಲ್ಲೇ ಇದಕ್ಕಾಗಿ ಪ್ರತ್ಯೇಕ ಪ್ರಾಧಿಕಾರ ಮಾಡಿತು. ಮಲೇಷ್ಯಾ 1996ರಲ್ಲಿ ಶುರುಮಾಡಿದ ಯೋಜನೆಗೆ 2002ರಲ್ಲಿ ‘ಮಲೇಷ್ಯಾ ಮೈ ಸೆಕೆಂಡ್ ಹೋಮ್’ ಎಂದು ಹೆಸರಿಟ್ಟಿತು. ಥಾಯ್ಲೆಂಡಿನಲ್ಲಿ ಐವತ್ತು ತುಂಬಿದವರಿಗೆ ಅವಕಾಶ; ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು, ಅಥವಾ ಎರಡನ್ನೂ ಕೂಡಿಸಿ ಲೆಕ್ಕ ಹೊಂದಿಸಬೇಕು. ಶ್ರೀಲಂಕಾದ ‘ಮೈ ಡ್ರೀಮ್ ಹೋಮ್’ ವೀಸಾಗೆ 55 ವರ್ಷ ತುಂಬಿರಬೇಕು, 15 ಸಾವಿರ ಡಾಲರ್ ಠೇವಣಿ, ಮೇಲೆ ತಿಂಗಳಿಗೆ 1,500 ಡಾಲರ್ ತರಿಸಿಕೊಳ್ಳಬೇಕು. ದುಬೈಯ ನಿವೃತ್ತಿ ವೀಸಾ ಐದು ವರ್ಷದ್ದು. ಹತ್ತು ಲಕ್ಷ ದಿರ್ಹಂ ಉಳಿತಾಯ ಅಥವಾ ಅಷ್ಟು ಬೆಲೆಯ ಆಸ್ತಿ ಅದರ ಒಂದು ದಾರಿ.

ಇವುಗಳಲ್ಲಿ ಥಾಯ್ಲೆಂಡಿನ ಷರತ್ತನ್ನು ರೂಪಾಯಿಗೆ ತಂದು ನೋಡೋಣ. ಬಾತ್ ಈಗ ಎರಡೂಮುಕ್ಕಾಲು ರೂಪಾಯಿ ಆಸುಪಾಸು ಇದೆ. ಎಂದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮುಕ್ಕಾಲು ಲಕ್ಷ ರೂಪಾಯಿ ಆದಾಯ, ಇಲ್ಲವೇ 22 ಲಕ್ಷದ ಠೇವಣಿ. ಕರ್ನಾಟಕ ಸರ್ಕಾರದ ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ರಾಜ್ಯ ನೌಕರರ ಗರಿಷ್ಠ ಪಿಂಚಣಿ 1,20,600 ರೂಪಾಯಿ, ಕನಿಷ್ಠ 13,500. ರಾಜ್ಯ ಸೇವೆಯ ಅತಿ ದೊಡ್ಡ ಹುದ್ದೆಯಿಂದ ನಿವೃತ್ತರಾದವರೂ ಬರೀ ಪಿಂಚಣಿಯಿಂದ ಥಾಯ್ಲೆಂಡಿನ ಆದಾಯದ ಷರತ್ತನ್ನು ಮುಟ್ಟುವುದಿಲ್ಲ. ಖಾಸಗಿ ಕಂಪನಿಯವರಿಗೆ ಬರುವ ಇಪಿಎಸ್ ಪಿಂಚಣಿಯಂತೂ ಕೆಲವು ಸಾವಿರದ ಮಾತು. ಉಳಿಯುವುದು ಠೇವಣಿಯ ದಾರಿ. ಪಿಎಫ್ ಹಣ ಕೈಗೆ ಬಂದ ಬಿ.ಟಿ.ಎಂ. ಲೇಔಟಿನ ಕುಟುಂಬಕ್ಕೆ 22 ಲಕ್ಷ ಹೊಂದಿಸುವುದು ಕಷ್ಟವಲ್ಲ, ನಿಜ.

ಕಷ್ಟ ಇರುವುದು ಮುಂದೆ. ಈ ಪರವಾನಗಿಯನ್ನು ವರ್ಷವರ್ಷವೂ ನವೀಕರಿಸಬೇಕು. ನಡುವೆ ತೊಂಬತ್ತು ದಿನಕ್ಕೊಮ್ಮೆ ‘ನಾನು ಇಂಥ ವಿಳಾಸದಲ್ಲಿದ್ದೇನೆ’ ಎಂದು ವಲಸೆ ಕಚೇರಿಗೆ ವರದಿ ಕೊಡಬೇಕು. ನವೀಕರಣಕ್ಕೆ ಎರಡು ತಿಂಗಳು ಮೊದಲಿನಿಂದ, ಆದ ಮೂರು ತಿಂಗಳವರೆಗೆ ಪಾಸ್‌ಬುಕ್ಕಿನಲ್ಲಿ 8 ಲಕ್ಷ ಬಾತ್ ಕದಲದೆ ಇರಬೇಕು. ವರ್ಷದ ಉಳಿದ ದಿನಗಳಲ್ಲೂ 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಆ ಖಾತೆ ಅರ್ಜಿದಾರರೊಬ್ಬರ ಹೆಸರಿನಲ್ಲೇ ಇರಬೇಕು. ಗಂಡ ಅರ್ಜಿದಾರ, ಹೆಂಡತಿ ಅವನ ಅವಲಂಬಿತೆ ಎಂದು ಹೋಗಿದ್ದರೆ, ಗಂಡ ತೀರಿಕೊಂಡ ದಿನ ಆಕೆಯ ವೀಸಾದ ಆಧಾರವೂ ಹೋಗುತ್ತದೆ. ಆ ಖಾತೆಯ ಹಣ ಬಿಡಿಸಿಕೊಳ್ಳಲು ಅಲ್ಲಿನ ನ್ಯಾಯಾಲಯದ ಬಾಗಿಲು ತಟ್ಟಬೇಕು. ಅದೇ ಹೊತ್ತಿಗೆ ತನ್ನ ಹೆಸರಿನಲ್ಲಿ ಬೇರೆ 8 ಲಕ್ಷ ತೋರಿಸಿ ಹೊಸದಾಗಿ ಅರ್ಜಿ ಹಾಕಬೇಕು. ಅತ್ತ ಊರಿನಲ್ಲಿ ಪಿಂಚಣಿಯೂ ಕುಗ್ಗಿರುತ್ತದೆ. 2006ರ ಏಪ್ರಿಲ್‌ಗೆ ಮೊದಲು ಸೇವೆಗೆ ಸೇರಿದ ರಾಜ್ಯ ನೌಕರರಿಗೆ ಪಿಂಚಣಿ ಕೊನೆಯ ಮೂಲವೇತನದ ಅರ್ಧವಾದರೆ, ಕುಟುಂಬ ಪಿಂಚಣಿ ಸಾಮಾನ್ಯವಾಗಿ ಶೇ 30. ಎಂದರೆ ನೂರು ರೂಪಾಯಿ ಬರುತ್ತಿದ್ದ ಕಡೆ ಅರವತ್ತು. ವೀಸಾದ ಷರತ್ತು ಮಾತ್ರ ವಿಧವೆಗೆಂದು ಒಂದು ಬಾತ್ ಕೂಡ ಇಳಿಯುವುದಿಲ್ಲ.

ಷರತ್ತುಗಳು ಇದ್ದಲ್ಲಿ ಇರುವುದೂ ಇಲ್ಲ. ಮಲೇಷ್ಯಾವನ್ನೇ ನೋಡಿ. ತಿಂಗಳಿಗೆ 10 ಸಾವಿರ ರಿಂಗಿಟ್ ಆದಾಯ ತೋರಿಸಿದರೆ ಸಾಕು ಎನ್ನುತ್ತಿದ್ದ ದೇಶ 2021ರಲ್ಲಿ ಅದನ್ನು ಒಮ್ಮೆಗೇ 40 ಸಾವಿರಕ್ಕೆ ಏರಿಸಿತು. ಆಗಲೇ ನೆಲೆಸಿದ್ದವರಲ್ಲಿ ದಿಗಿಲು ಹುಟ್ಟಿತು, ಅಲ್ಲಿಯದೇ ಜೊಹೊರ್‌ನ ಸುಲ್ತಾನರು ಬಹಿರಂಗವಾಗಿ ವಿರೋಧಿಸಿದರು, ಆಮೇಲೆ ಹಳಬರಿಗೆ ರಿಯಾಯಿತಿ ಸಿಕ್ಕಿತು. 2024ರಲ್ಲಿ ಮತ್ತೆ ನಿಯಮ ಬದಲು: ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಮೂರು ದರ್ಜೆ. ಬೆಳ್ಳಿ ದರ್ಜೆಗೇ ಒಂದೂವರೆ ಲಕ್ಷ ಡಾಲರ್ ಠೇವಣಿ, ಅದರ ಮೇಲೆ ಕನಿಷ್ಠ 6 ಲಕ್ಷ ರಿಂಗಿಟ್ ಬೆಲೆಯ ಮನೆ ಕೊಳ್ಳಬೇಕು, ಸಿಗುವುದು ಐದು ವರ್ಷದ ವೀಸಾ. ಇದು ಯಾರ ಮೋಸವೂ ಅಲ್ಲ. ಪ್ರತಿ ದೇಶಕ್ಕೂ ಹೊರಗಿನವರನ್ನು ಯಾವ ಷರತ್ತಿನ ಮೇಲೆ ಇಟ್ಟುಕೊಳ್ಳಬೇಕು ಎಂದು ನಿರ್ಧರಿಸುವ ಹಕ್ಕಿದೆ. ಆದರೆ ನಿವೃತ್ತಿ ವೀಸಾ ಮನೆಮಾಲೀಕನೊಂದಿಗಿನ ಬಾಡಿಗೆ ಕರಾರಿನಂತೆ, ಅವಧಿ ಮುಗಿದಾಗ ಬಾಡಿಗೆ ಏರಬಹುದು, ಖಾಲಿ ಮಾಡಿ ಎನ್ನಲೂಬಹುದು. ಅರವತ್ತೈದರಲ್ಲಿ ಗಂಟುಮೂಟೆ ಕಟ್ಟಬಹುದು, ಎಂಬತ್ತೈದರಲ್ಲಿ ಆಗುವುದಿಲ್ಲ.

ಭಾರತೀಯರಿಗೆ ಈ ತೊಡಕೇ ಇಲ್ಲದ ಒಂದು ದೇಶವಿದೆ, ನೇಪಾಳ. ವೀಸಾ ಬೇಡ. 1950ರ ಒಪ್ಪಂದ ಪರಸ್ಪರರ ಪ್ರಜೆಗಳಿಗೆ ವಾಸದ ಅವಕಾಶ ಕೊಟ್ಟಿದೆ. ನಮ್ಮ ಒಂದು ರೂಪಾಯಿಗೆ ಅವರದು 1.60 ಎಂಬ ದರ 1993ರಿಂದ ಕದಲಿಲ್ಲ. ಪಶುಪತಿನಾಥನ ಪೂಜೆಗೆ ಕರ್ನಾಟಕ ಮೂಲದ ಭಟ್ಟರೇ ಹೋಗುವ ಪರಂಪರೆಯಿಂದ ಕಠ್ಮಂಡುವಿಗೂ ನಮಗೂ ಹಳೆಯ ನಂಟಿದೆ. ಪಾರ್ಕಿನ ಚರ್ಚೆಯಲ್ಲಿ ಈ ಹೆಸರು ಬರುವುದೇ ಇಲ್ಲ ಎನ್ನುವುದು ಆಶ್ಚರ್ಯ. ಅಲ್ಲಿ ಮನೆ ಕೊಳ್ಳಲಾಗದು, ಚಳಿ ಹೆಚ್ಚು, ದೊಡ್ಡ ಕಾಯಿಲೆಗೆ ಅಲ್ಲಿನವರೇ ಹಲವರು ಭಾರತಕ್ಕೆ ಬರುತ್ತಾರೆ. ಆದರೆ ವೀಸಾ ಮತ್ತು ವಿನಿಮಯದ ಎರಡು ದೊಡ್ಡ ಚಿಂತೆಗಳು ಅಲ್ಲಿ ಇಲ್ಲ.

ರೂಪಾಯಿ ಹಿಡಿದು ಹೋದವರ ಲೆಕ್ಕ

ಬ್ರಿಟಿಷರು, ಜರ್ಮನರು, ಅಮೆರಿಕನ್ನರು ಸಾವಿರಗಟ್ಟಲೆ ಥಾಯ್ಲೆಂಡಿನಲ್ಲಿ ಸುಖವಾಗಿಲ್ಲವೇ ಎಂಬ ಪ್ರಶ್ನೆ ಸಹಜ. ಅವರ ಲೆಕ್ಕ ಬೇರೆ. ದುಬಾರಿ ಊರಿನಿಂದ ಅಗ್ಗದ ಊರಿಗೆ, ಗಟ್ಟಿ ನಾಣ್ಯ ಹಿಡಿದು ಹೋದವರು ಅವರು. ನಮ್ಮ ಹಣದ ದಿಕ್ಕು ತಿರುಗುಮುರುಗು. 2010ರ ಸುಮಾರಿಗೆ ಒಂದು ಬಾತ್‌ಗೆ ಒಂದೂವರೆ ರೂಪಾಯಿಯ ಆಸುಪಾಸು ಕೊಡುತ್ತಿದ್ದೆವು, ಈಗ ಎರಡೂಮುಕ್ಕಾಲು. ಡಾಲರು 2005ರಲ್ಲಿ 44 ರೂಪಾಯಿ ಇದ್ದದ್ದು 2025ರ ಕೊನೆಗೆ 90 ಮುಟ್ಟಿತು. ನಿವೃತ್ತಿಯ ಇಪ್ಪತ್ತು ವರ್ಷದಲ್ಲಿ ಇಂಥದೇ ಇನ್ನೊಂದು ಇಳಿತ ಬಂದರೆ, ರೂಪಾಯಿಯಲ್ಲಿ ಬರುವ ಬಡ್ಡಿ ಮತ್ತು ಪಿಂಚಣಿಯಿಂದ ಬಾತ್‌ನಲ್ಲಿ ಬಾಡಿಗೆ ಕಟ್ಟುವ ಮನೆಯ ಗತಿ ಏನು? ಜಯನಗರದಲ್ಲಿ ಇದ್ದವರಿಗೆ ಬೆಲೆ ಏರಿದರೆ ತುಟ್ಟಿಭತ್ಯೆಯೂ ಒಂದಿಷ್ಟು ಏರುತ್ತದೆ. ಚಿಯಾಂಗ್ ಮಾಯ್‌ನ ಬೆಲೆಗೆ ಬೆಂಗಳೂರಿನ ತುಟ್ಟಿಭತ್ಯೆ ಹೊಣೆಯಲ್ಲ.

ಹಣ ಕಳಿಸುವ ದಾರಿಯೂ ಬರಿದೇ ತೆರೆದಿಲ್ಲ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ವ್ಯವಸ್ಥೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಓದು, ಚಿಕಿತ್ಸೆಯಂಥ ಕಾರಣಗಳನ್ನು ಬಿಟ್ಟರೆ, ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತದೆ. ಮಲೇಷ್ಯಾದ ಬೆಳ್ಳಿ ದರ್ಜೆಯ ಠೇವಣಿ, ಒಂದೂವರೆ ಲಕ್ಷ ಡಾಲರ್, ಎಂದರೆ ಸುಮಾರು 1.35 ಕೋಟಿ ರೂಪಾಯಿ. ಒಬ್ಬರೇ ಒಂದೇ ವರ್ಷದಲ್ಲಿ ಕಳಿಸಿದರೆ 25 ಲಕ್ಷ ರೂಪಾಯಿ ತೆರಿಗೆ ಇಲಾಖೆಯಲ್ಲಿ ಕುಳಿತುಕೊಳ್ಳುತ್ತದೆ. ರಿಟರ್ನ್ಸ್ ಸಲ್ಲಿಸಿದ ಮೇಲೆ ಅದು ವಾಪಸು ಬರುತ್ತದೆ, ಕಳೆದುಹೋಗುವುದಿಲ್ಲ. ಆದರೆ ಅಷ್ಟು ತಿಂಗಳು ಅದು ಕೈಯಲ್ಲಿಲ್ಲ ಎಂದು ಲೆಕ್ಕ ಹಾಕಿಕೊಂಡೇ ಹೊರಡಬೇಕು.

ಇನ್ನೊಂದು ಬದಲಾವಣೆ ಹಲವರಿಗೆ ಗೊತ್ತಿರುವುದಿಲ್ಲ. ಕಾಯಂ ಉದ್ದೇಶದಿಂದ ಹೊರಗೆ ನೆಲೆಸಿದವರು ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿಗಳು. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಅದರ ಬಡ್ಡಿಯ ಮೇಲೆ ಶೇ 30ರ ದರದಲ್ಲಿ ತೆರಿಗೆ ಮೊದಲೇ ಕಡಿತವಾಗುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯಲು ಅನಿವಾಸಿಗಳಿಗೆ ಅವಕಾಶವಿಲ್ಲ. ಬನಶಂಕರಿಯ ಎಷ್ಟೋ ಮನೆಗಳು ತಿಂಗಳ ಖರ್ಚು ತೂಗಿಸುವುದೇ ಆ ಯೋಜನೆಯ ಶೇ 8.2ರ ಬಡ್ಡಿಯಿಂದ. ಥಾಯ್ಲೆಂಡ್ ಕೂಡ 2024ರ ಜನವರಿಯಿಂದ, ವರ್ಷಕ್ಕೆ 180 ದಿನ ಅಲ್ಲಿರುವವರು ಹೊರಗಿನಿಂದ ತರಿಸಿಕೊಳ್ಳುವ ಆದಾಯವನ್ನು ತೆರಿಗೆಯ ಲೆಕ್ಕಕ್ಕೆ ತಂದುಕೊಂಡಿದೆ.

ಮನೆ ಮಾರುವ ಮಾತು

ಕೋಟಿಗಟ್ಟಲೆ ಠೇವಣಿ ಎಲ್ಲಿಂದ ಬರಬೇಕು ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಮನೆ ಇದೆಯಲ್ಲ. ಜಯನಗರ 1948ರಲ್ಲಿ ರೂಪುಗೊಳ್ಳಲು ಶುರುವಾದ ಬಡಾವಣೆ. ಸಂಬಳ ಉಳಿಸಿ, ಸಾಲ ಮಾಡಿ, ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಗಳಿಗೆ ಇಂದು ಕೋಟಿಗಳ ಬೆಲೆ. ಆ ಮನೆ ಮಾರಿದರೆ ಪೆನಾಂಗ್ ಏನು, ದುಬೈ ಕೂಡ ಕೈಗೆಟುಕುತ್ತದೆ. ಈ ಇಡೀ ವಿಷಯದಲ್ಲಿ ನಾನು ಅತಿ ಗಟ್ಟಿಯಾಗಿ ಬೇಡ ಎನ್ನುವ ಹೆಜ್ಜೆ ಇದೊಂದೇ. ದಕ್ಷಿಣ ಬೆಂಗಳೂರಿನ ಮನೆ ಒಮ್ಮೆ ಕೈಬಿಟ್ಟರೆ, ಬಾತ್‌ನಲ್ಲೋ ರಿಂಗಿಟ್‌ನಲ್ಲೋ ಹತ್ತು ವರ್ಷ ಕರಗಿದ ಹಣದಿಂದ ಅದೇ ಬೀದಿಗೆ ಮರಳುವುದು ಹೆಚ್ಚುಕಡಿಮೆ ಅಸಾಧ್ಯ. ಥಾಯ್ಲೆಂಡಿನಲ್ಲಿ ವಿದೇಶಿಯರು ನೆಲ ಕೊಳ್ಳುವಂತಿಲ್ಲ; ಅಪಾರ್ಟ್‌ಮೆಂಟುಗಳಲ್ಲೂ ಒಟ್ಟು ವಿಸ್ತೀರ್ಣದ ಶೇ 49ರ ಮಿತಿಯೊಳಗೆ ಮಾತ್ರ. ಇಲ್ಲಿನ ಪೂರ್ಣ ಒಡೆತನ ಕೊಟ್ಟು ಅಲ್ಲಿ ಪಡೆಯುವುದು ಅರೆ ಒಡೆತನ. ಜೊತೆಗೆ, ಒಂಟಿಯಾಗಿ ಉಳಿದವಳಿಗೆ ಮರಳಿ ಬರಲು ಇರುವ ಬಾಗಿಲೇ ಆ ಮನೆ. ಮಹಡಿಯನ್ನು ಬಾಡಿಗೆಗೆ ಕೊಟ್ಟು, ಕೆಳಗಿನ ಒಂದು ಕೋಣೆಯನ್ನಾದರೂ ಬೀಗ ಹಾಕಿ ಇಟ್ಟುಕೊಂಡು ಹೊರಡುವವರನ್ನು ತಡೆಯಬೇಕಾದ ಕಾರಣವಿಲ್ಲ. ಮಾರಿ ಹೊರಡುವವರನ್ನು ತಡೆದು ಕೂರಿಸಿ ಮಾತಾಡಬೇಕು.

ಆಸ್ಪತ್ರೆಯ ರಾತ್ರಿ

ಬ್ಯಾಂಕಾಕಿನ ಬುಮ್ರುನ್‌ಗ್ರಾಡ್‌ನಂಥ ಆಸ್ಪತ್ರೆಗಳು ಜಗತ್ತಿನಲ್ಲೇ ಹೆಸರಾದವು. ಪೆನಾಂಗ್‌ಗೆ ಚಿಕಿತ್ಸೆಗೆಂದೇ ನೆರೆದೇಶಗಳಿಂದ ಜನ ಬರುತ್ತಾರೆ. ಚಿಕಿತ್ಸೆಯ ಮಟ್ಟದ ಬಗ್ಗೆ ಸಂಶಯ ಬೇಡ. ಸಂಶಯ ಇರುವುದು ಬಿಲ್ಲಿನ ಬಗ್ಗೆ, ಆಮೇಲೆ ಬಿಲ್ಲು ಬರದ ಆರೈಕೆಯ ಬಗ್ಗೆ. ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳು ಭಾರತದೊಳಗಿನ ಚಿಕಿತ್ಸೆಗೆ. ಪ್ರವಾಸ ವಿಮೆ ಪ್ರವಾಸಿಗೆ, ನೆಲೆಸಿದವರಿಗಲ್ಲ. ಥಾಯ್ಲೆಂಡಿನ ಒ-ಎ ನಿವೃತ್ತಿ ವೀಸಾ 30 ಲಕ್ಷ ಬಾತ್ ವಿಮೆ ಕೇಳುತ್ತದೆ. ಎಪ್ಪತ್ತೈದು ದಾಟಿದ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇರುವವರಿಗೆ ಹೊಸ ವಿಮೆ ಸಿಗುವುದೇ ಕಷ್ಟ, ಸಿಕ್ಕರೂ ಹಳೆಯ ಕಾಯಿಲೆಗಳನ್ನು ಹೊರಗಿಟ್ಟೇ ಸಿಗುತ್ತದೆ. ಭಾರತದಲ್ಲಿ ಇದೇ ಹೊತ್ತಿಗೆ ಗಾಳಿ ಬೇರೆ ಕಡೆ ಬೀಸಿದೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದುಹಾಕಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯೂ ಹೋಯಿತು.

ದಕ್ಷಿಣ ಬೆಂಗಳೂರಿನವರು ತಮ್ಮ ಕೈಯಲ್ಲಿರುವುದರ ಬೆಲೆಯನ್ನು ಕಡಿಮೆ ಅಂದಾಜು ಮಾಡುತ್ತಾರೆ ಎನ್ನುವುದು ನನ್ನ ಅನಿಸಿಕೆ. ಹೃದಯಕ್ಕೆ ಜಯದೇವ, ಮಿದುಳು ನರಗಳಿಗೆ ನಿಮ್ಹಾನ್ಸ್, ಕ್ಯಾನ್ಸರಿಗೆ ಕಿದ್ವಾಯಿ, ಮೂಳೆ ಮುರಿದರೆ ಸಂಜಯ ಗಾಂಧಿ ಆಸ್ಪತ್ರೆ, ನಿತ್ಯದ ಕಾಯಿಲೆಗೆ ಜಯನಗರದ ಜನರಲ್ ಆಸ್ಪತ್ರೆ. ಇಷ್ಟೂ ಸರ್ಕಾರದ ನೆರವಿನಲ್ಲಿ ನಡೆಯುವ ಸಂಸ್ಥೆಗಳು, ಹೊಸೂರು ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ಸುತ್ತ ಕೆಲವೇ ಕಿಲೋಮೀಟರಿನೊಳಗೆ ಇವೆ. ಮುದಿವಯಸ್ಸಿನ ದೊಡ್ಡ ಕಾಯಿಲೆಗಳಲ್ಲಿ ಇವುಗಳ ಬಾಗಿಲಿಗೆ ಬಾರದ್ದು ಕಡಿಮೆ. ಏಷ್ಯಾದ ನಿವೃತ್ತಿ ಪಟ್ಟಣಗಳಲ್ಲಿ ವಿದೇಶಿಯರಿಗೆ ಇಂಥ ಸರ್ಕಾರಿ ದರ ಸಿಗುವುದಿಲ್ಲ.

ಭಾಷೆಯ ಮಾತು ಇಲ್ಲಿ ಭಾವುಕತೆಯದಲ್ಲ. ಮರೆವಿನ ಕಾಯಿಲೆ ಬಂದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಸವೆದು, ಬಾಲ್ಯದ ಭಾಷೆ ಕೊನೆಯವರೆಗೆ ಉಳಿಯುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ಕಡತ ಬರೆದವರೂ ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಎದ್ದು ನೀರು ಕೇಳುವುದು ಕನ್ನಡದಲ್ಲಿ. ಕೇಳಿದ್ದು ತಿಳಿಯದ ನರ್ಸು ಎಷ್ಟೇ ಕರುಣೆಯವಳಾದರೂ ಮಾಡುವುದೇನು? ಕೊನೆಯ ದಿನಗಳ ನಿರ್ಧಾರವೂ ಹಾಗೆಯೇ. ವೆಂಟಿಲೇಟರ್ ಬೇಡ, ನೋವು ಕಡಿಮೆ ಮಾಡಿ ಸಾಕು ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಅದರ ವಿಧಾನ ಸರಳವಾಯಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ನಗರದಲ್ಲಿ 1999ರಿಂದ ಕರುಣಾಶ್ರಯದಂಥ ಉಪಶಮನ ಆರೈಕೆಯ ತಾಣವಿದೆ. ಇಲ್ಲಿ ಬರೆದಿಟ್ಟ ಇಚ್ಛಾಪತ್ರ ಬೇರೆ ದೇಶದ ಐಸಿಯುನಲ್ಲಿ ನಡೆಯುತ್ತದೆ ಎಂದು ಭಾವಿಸುವಂತಿಲ್ಲ.

‘ಇಲ್ಲೇನು ಸುಖವಿದೆ?’

ಇದು ಉತ್ತರ ಕೊಡಲೇಬೇಕಾದ ಆಕ್ಷೇಪ. ಪಿಂಚಣಿದಾರರ ಸ್ವರ್ಗ ಎಂದು ಹೆಸರಾಗಿದ್ದ ಊರಿನಲ್ಲಿ ಇಂದು ಎಪ್ಪತ್ತರ ಹಿರಿಯರು ಬನಶಂಕರಿ ಬಸ್ ನಿಲ್ದಾಣದ ಎದುರು ರಸ್ತೆ ದಾಟಲು ಹತ್ತು ನಿಮಿಷ ಕಾಯುತ್ತಾರೆ. ಫುಟ್‌ಪಾತ್ ಮೇಲೆ ಬೈಕು, ಕಿತ್ತ ಚಪ್ಪಡಿ, ಕೇಬಲ್ಲು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಸಾಲು ನಿಂತದ್ದನ್ನು ಯಾರೂ ಮರೆತಿಲ್ಲ. ಮಕ್ಕಳಿಲ್ಲದ ದೊಡ್ಡ ಮನೆಯಲ್ಲಿ ಇಬ್ಬರೇ ಇರುವವರ ಭಯ ಬೇರೆ. ಈ ದೂರುಗಳಲ್ಲಿ ಒಂದೂ ಉತ್ಪ್ರೇಕ್ಷೆಯಲ್ಲ, ಮತ್ತು ಹಿರಿಯರ ನಡಿಗೆಗೆ ಯೋಗ್ಯವಾದ ಒಂದು ಬೀದಿ ಕೊಡಲಾಗದ ನಗರಾಡಳಿತ ಇದಕ್ಕೆ ಉತ್ತರ ಹೇಳಬೇಕು. ಆದರೂ ಆಕ್ಷೇಪವನ್ನು ಅಳೆಯಬೇಕು. ಕೆಟ್ಟ ಫುಟ್‌ಪಾತು ನಡೆಯುವವರ ಕಷ್ಟ. ನಡೆಯಲಾಗದ ವಯಸ್ಸಿಗೆ ಬೇಕಾದದ್ದು ಮನೆಗೆ ಬರುವ ಆಯಾ, ಫೋನಿಗೆ ಓಗೊಡುವ ಮೆಡಿಕಲ್ ಶಾಪು, ಬಾಗಿಲು ತಟ್ಟುವ ನೆರೆಯವರು, ಕಷ್ಟ ಬಂದರೆ ಕರೆ ಮಾಡಲು ಪೊಲೀಸರೂ ನೈಟಿಂಗೇಲ್ಸ್ ಟ್ರಸ್ಟೂ ಸೇರಿ ನಡೆಸುವ 1090ರಂಥ ಸಹಾಯವಾಣಿ. ಹೊರದೇಶ ಗೆಲ್ಲುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಜಯನಗರ ಈಗಲೂ ಮುಂದಿದೆ.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದ ಏಷ್ಯಾದವರ ಅನುಭವವೂ ಇದನ್ನೇ ಹೇಳುತ್ತದೆ. ಜಪಾನ್ ಸರ್ಕಾರ 1986ರಲ್ಲಿ ‘ಸಿಲ್ವರ್ ಕೊಲಂಬಿಯಾ’ ಎಂಬ ಯೋಜನೆ ಮುಂದಿಟ್ಟು ನಿವೃತ್ತರನ್ನು ಹೊರದೇಶಗಳಲ್ಲಿ ನೆಲೆಗೊಳಿಸಲು ಹೊರಟಿತು. ವೃದ್ಧರನ್ನು ರಫ್ತು ಮಾಡುತ್ತೀರಾ ಎಂಬ ಟೀಕೆ ಬಂದು ಅದು ಬಿದ್ದುಹೋಯಿತು. ಅದರ ಜಾಗದಲ್ಲಿ ಬೆಳೆದದ್ದು ‘ಲಾಂಗ್ ಸ್ಟೇ’, ಎಂದರೆ ಊರಿನ ಮನೆ ಉಳಿಸಿಕೊಂಡು ಕೆಲವು ತಿಂಗಳು ಹೊರಗಿದ್ದು ಬರುವ ಪದ್ಧತಿ; ಅದಕ್ಕೆಂದೇ 1992ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಮಲೇಷ್ಯಾ, ಚಿಯಾಂಗ್ ಮಾಯ್‌ಗಳಲ್ಲಿ ಜಪಾನಿ ಹಿರಿಯರ ದೊಡ್ಡ ಬಳಗವಿದೆ. ಆದರೆ 2000ದಲ್ಲಿ ಶುರುವಾದ ಜಪಾನಿನ ದೀರ್ಘಕಾಲದ ಆರೈಕೆ ವಿಮೆ ಜಪಾನಿನೊಳಗೆ ಮಾತ್ರ ನಡೆಯುತ್ತದೆ. ಹಾಸಿಗೆ ಹಿಡಿಯುವ ಹೊತ್ತಿಗೆ ಅವರಲ್ಲಿ ಹಲವರು ಊರಿಗೆ ಮರಳುತ್ತಾರೆ. ಗಟ್ಟಿ ನಾಣ್ಯ, ಒಳ್ಳೆಯ ಪಿಂಚಣಿ, ಬಲವಾದ ಪಾಸ್‌ಪೋರ್ಟು ಮೂರೂ ಇದ್ದವರ ಕತೆ ಇದು.

ಶ್ರೀಲಂಕಾದ 2022 ಇನ್ನೊಂದು ಬಗೆಯ ಎಚ್ಚರಿಕೆ. ಒಂದೂವರೆ ಗಂಟೆಯ ವಿಮಾನ ದೂರ, ಅನ್ನ ಸಾರಿನ ಊಟ, ಹಸಿರು. ಆದರೆ ಆ ವರ್ಷದ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲ ತೀರಿಸಲಾಗದು ಎಂದು ಘೋಷಿಸಿತು. ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಆಸ್ಪತ್ರೆಗಳಲ್ಲಿ ಔಷಧಿಯ ಕೊರತೆ.

ಹೊರಗಿನಿಂದ ಮರಳುವವರು

ಇದೇ ಪ್ರಶ್ನೆಯನ್ನು ಎದುರು ದಿಕ್ಕಿನಿಂದ ಕೇಳುವ ಕನ್ನಡಿಗರಿದ್ದಾರೆ. ಲಂಡನ್ನಿನಲ್ಲಿ ವೈದ್ಯರಾಗಿ, ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರಾಗಿ ದುಡಿದು, ಏಷ್ಯಾದಲ್ಲಿ ನಿವೃತ್ತಿ ಕಳೆಯಬೇಕೆಂದವರಿಗೆ ಭಾರತವೇ ಆ ದೇಶ, ಜೆ.ಪಿ. ನಗರವೇ ಆ ಊರು. 2006ರಲ್ಲಿ ಬಂದ ಒಸಿಐ ಕಾರ್ಡು ಅವರಿಗೆ ಜೀವಮಾನದ ವೀಸಾ. ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಬಿಟ್ಟು ಮನೆ ಕೊಳ್ಳುವ ಹಕ್ಕೂ ಇದೆ. ತೊಂಬತ್ತು ದಿನದ ವರದಿ ಇಲ್ಲ, ಠೇವಣಿ ಇಲ್ಲ. ಇಂಥ ಹಕ್ಕನ್ನು ಏಷ್ಯಾದ ಬೇರಾವ ದೇಶವೂ ಕನ್ನಡಿಗರಿಗೆ ಕೊಡುವುದಿಲ್ಲ. ಅವರು ಗಮನಿಸಬೇಕಾದ ಸಂಗತಿಗಳು ಎರಡು. ಅಮೆರಿಕದ ಮೆಡಿಕೇರ್ ಇಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಭಾರತದಲ್ಲಿ ನೆಲೆಸಿದವರಿಗೆ ಬಂದ ದಿನದ ಮೊತ್ತದಲ್ಲೇ ನಿಂತುಬಿಡುತ್ತದೆ, ವರ್ಷದ ಏರಿಕೆ ಸಿಗುವುದಿಲ್ಲ. ಥಾಯ್ಲೆಂಡ್, ಮಲೇಷ್ಯಾಗಳಲ್ಲೂ ಹೀಗೆಯೇ. ಫಿಲಿಪ್ಪೀನ್ಸ್‌ನಲ್ಲಿ ಮಾತ್ರ ಒಪ್ಪಂದದ ಕಾರಣ ಏರಿಕೆ ಸಿಗುತ್ತದೆ. ಇಪ್ಪತ್ತು ವರ್ಷಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ನನ್ನ ತೀರ್ಮಾನ

ಆಸ್ತಿಪಾಸ್ತಿ ವಿದೇಶದಲ್ಲೇ ಇರುವ ಕೆಲವರನ್ನು, ಮಕ್ಕಳು ದುಬೈಯಲ್ಲೋ ಕ್ವಾಲಾಲಂಪುರದಲ್ಲೋ ಬೇರುಬಿಟ್ಟಿರುವವರನ್ನು ಬಿಟ್ಟು ಹೇಳುವುದಾದರೆ, ರೂಪಾಯಿಯಲ್ಲಿ ಆದಾಯ ಬರುವ ದಕ್ಷಿಣ ಬೆಂಗಳೂರಿನ ದಂಪತಿಗೆ ಏಷ್ಯಾದ ಯಾವ ದೇಶವೂ ಕಾಯಂ ನೆಲೆಯಾಗಿ ಸರಿಯಾದ ಆಯ್ಕೆಯಲ್ಲ. ಆದರೆ ಅರವತ್ತರಿಂದ ಎಪ್ಪತ್ತೈದರವರೆಗಿನ ಆರೋಗ್ಯದ ವರ್ಷಗಳಲ್ಲಿ ವರ್ಷಕ್ಕೆ ಎರಡು ಮೂರು ತಿಂಗಳು ಹೊರಗಿದ್ದು ಬರುವುದು ಸಾಧ್ಯ, ಸೊಗಸು, ಮತ್ತು ಬಹುತೇಕರ ಕೈಗೆಟುಕುವಂಥದು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ, ಈ ಅವಕಾಶ 2026ರ ಕೊನೆಯವರೆಗೆ ಇದೆ. ಥಾಯ್ಲೆಂಡ್ 2024ರ ಜುಲೈಯಲ್ಲಿ ಅದನ್ನು 60 ದಿನ ಮಾಡಿತು. ಇಂಥ ರಿಯಾಯಿತಿಗಳು ಬದಲಾಗುತ್ತಿರುತ್ತವೆ, ಟಿಕೆಟು ಕೊಳ್ಳುವ ಮೊದಲು ನೋಡಿಕೊಳ್ಳಿ. ವರ್ಷಕ್ಕೆ 182 ದಿನ ಭಾರತದಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ನೀವು ನಿವಾಸಿಯೇ. ಪ್ರವಾಸ ವಿಮೆಯೂ ಅನ್ವಯಿಸುತ್ತದೆ. ಮನೆ ಇರುತ್ತದೆ, ನವೆಂಬರಿನ ಲೈಫ್ ಸರ್ಟಿಫಿಕೇಟನ್ನು ಮೊಬೈಲಿನಲ್ಲೇ ಮುಖ ತೋರಿಸಿ ಕೊಡಬಹುದು. ಮೊದಲ ಸಲ ಮಳೆಗಾಲದಲ್ಲೋ ಹೊಗೆಗಾಲದಲ್ಲೋ ಹೋಗಿ ನೋಡಿ. ಚಿಯಾಂಗ್ ಮಾಯ್‌ನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಡು ಮತ್ತು ಗದ್ದೆ ಸುಡುವ ಹೊಗೆ ಕವಿಯುತ್ತದೆ, ಅದು ಯಾವ ವಿಡಿಯೊದಲ್ಲೂ ಬರುವುದಿಲ್ಲ.

ಇಷ್ಟಾದ ಮೇಲೂ ಕಾಯಂ ಆಗಿ ಹೊರಡಲೇಬೇಕೆನಿಸಿದರೆ, ಗಂಡಸರಲ್ಲಿ ಒಂದು ಮನವಿ. ಹೆಂಡತಿಯ ಹೆಸರಿನಲ್ಲೇ ಪ್ರತ್ಯೇಕ ವೀಸಾ, ಪ್ರತ್ಯೇಕ ಠೇವಣಿ, ಆಕೆಯೇ ನಡೆಸುವ ಬ್ಯಾಂಕ್ ಖಾತೆ, ಎರಡೂ ದೇಶಗಳಲ್ಲಿ ನಡೆಯುವ ಉಯಿಲು ಇವಿಷ್ಟು ಕೈಗೆ ಬರುವವರೆಗೆ ಟಿಕೆಟು ಕೊಳ್ಳಬೇಡಿ. ಅದಕ್ಕೂ ಮೊದಲು ಆಕೆಯನ್ನು ಕೇಳಿ: ನಾನಿಲ್ಲದ ಮೇಲೆ ನೀನು ಆ ಊರಿನಲ್ಲಿ ಇರುತ್ತೀಯಾ? ಇಲ್ಲ ಎಂದರೆ ಆ ದೇಶವನ್ನು ಪಟ್ಟಿಯಿಂದ ಹೊಡೆದುಹಾಕಿ.